ಗಾಳ ನಿಂತಿತು, ಮೀನು ಉಳಿಯಿತೇ?

ಕನಕಪುರದಿಂದ ಮುಂದೆ ಸಾಗಿ ಸಂಗಮದ ದಂಡೆಗೆ ಇಳಿದವರು ಅಲ್ಲಿ ಸಾಮಾನ್ಯವಾಗಿ ಮೇಕೆದಾಟುವಿನ ದಾರಿ ಕೇಳುತ್ತಾರೆ. ಸಂಗಮದಲ್ಲಿ ಕೂಡುವ ಎರಡು ನೀರುಗಳ ಬಣ್ಣವನ್ನು ನೋಡುವವರು ಕಡಿಮೆ. ಮಳೆಗಾಲಕ್ಕೆ ಮುಂಚೆ ಹೋದಾಗಲೆಲ್ಲ ನಾನು ಅದನ್ನೇ ನೋಡಿದ್ದೇನೆ. ಒಂದು ಕಡೆಯಿಂದ ಬಂಡೆಗಳನ್ನು ಬಳಸಿಕೊಂಡು ಬರುವ ಕಾವೇರಿ. ಇನ್ನೊಂದು ಕಡೆಯಿಂದ ನೊರೆ ಹೊತ್ತು, ಮಂಕಾಗಿ, ನಿಧಾನವಾಗಿ ಬರುವ ಅರ್ಕಾವತಿ. ಆ ನೊರೆ ಎಲ್ಲಿಯದೆಂದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ನಲ್ಲಿಗಳಿಗೆ ಕಾವೇರಿ ಬರುತ್ತದೆ. ನಮ್ಮ ಬಚ್ಚಲುಗಳಿಂದ ವೃಷಭಾವತಿಯ ಮೂಲಕ ಅರ್ಕಾವತಿಗೂ, ಅಲ್ಲಿಂದ ಮತ್ತೆ ಕಾವೇರಿಗೂ ಹೋಗುತ್ತದೆ. ಸಾಲ ಪಡೆದ ನೀರನ್ನು ನಾವು ಹಿಂದಿರುಗಿಸುವ ರೀತಿ ಅದು.

ಈ ಸಂಗಮದ ಆಸುಪಾಸಿನ ನದಿಯಲ್ಲಿ, ಅಂದರೆ ಶಿವನಸಮುದ್ರದ ಕೆಳಗಿನಿಂದ ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆಗಳನ್ನು ಹಾದು ಹೊಗೇನಕಲ್ಲಿನವರೆಗಿನ ಕಣಿವೆಯಲ್ಲಿ, ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದು ವಾಸಿಸುತ್ತದೆ. ಇಂಗ್ಲಿಷಿನವರು ಅದನ್ನು ಮಹಸೀರ್ ಎಂದರು. ನಮ್ಮ ನದಿತೀರದ ಜನ ಬಿಳಿಮೀನು ಎಂದರು. ದೇವಸ್ಥಾನಗಳ ಮಡುಗಳಲ್ಲಿ ಅದರ ಬಳಗದವು ದೇವರ ಮೀನುಗಳಾದವು. ಬೆನ್ನು ಡುಬ್ಬವಾಗಿರುವ ಕಾವೇರಿಯ ಈ ಮಹಸೀರ್ ಬೇರೆ ಯಾವ ನದಿ ವ್ಯವಸ್ಥೆಯಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಕುಟುಂಬದ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಆ ದಾಖಲೆಯ ಕಾರಣದಿಂದ ಕಾವೇರಿಯ ಹೆಸರು ಗಾಳದ ಹವ್ಯಾಸಿಗಳ ಲೋಕದಲ್ಲಿ ಲಂಡನ್ನಿನವರೆಗೂ ಹರಡಿತು.

ಅದೇ ಮೀನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯದಂಚಿನಲ್ಲಿರುವ’ ಜೀವಿಯಾಗಿ ಸೇರಿತು. ನಾಶವಾಗುವುದಕ್ಕೆ ಇರುವ ಕೊನೆಯ ಮೆಟ್ಟಿಲು ಅದು. ಹುಲಿ ಕೂಡ ಆ ಪಟ್ಟಿಯಲ್ಲಿ ಇದಕ್ಕಿಂತ ಒಂದು ಮೆಟ್ಟಿಲು ಸುರಕ್ಷಿತ ಸ್ಥಾನದಲ್ಲಿದೆ. ಹುಲಿಯ ಗಣತಿಗೆ ನಾವು ಕಾಡಿನುದ್ದಕ್ಕೂ ಕ್ಯಾಮೆರಾ ಕಟ್ಟುತ್ತೇವೆ. ಈ ಮೀನಿನ ಗಣತಿ ಮಾಡುವ ವ್ಯವಸ್ಥೆ ನಮ್ಮಲ್ಲಿಲ್ಲ. ಇದ್ದದ್ದೊಂದು ಅನೌಪಚಾರಿಕ ವ್ಯವಸ್ಥೆ. ಅದನ್ನು ನಾವೇ ಕಾನೂನಿನ ಹೆಸರಿನಲ್ಲಿ ನಿಲ್ಲಿಸಿದ್ದೇವೆ. ಈ ಲೇಖನದ ವಿಷಯ ಅದೇ.

ನಾನು ಗಾಳ ಹಾಕುವವನಲ್ಲ. ಮೀನನ್ನು ನೋಯಿಸಿ ಮತ್ತೆ ನೀರಿಗೆ ಬಿಡುವುದರಲ್ಲಿ ಯಾವ ಸುಖವಿದೆ ಎಂಬ ಪ್ರಶ್ನೆ ನನಗೆ ಮೊದಲೂ ಇತ್ತು, ಈಗಲೂ ಇದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಆ ಹುಚ್ಚಿದ್ದ ಸ್ನೇಹಿತರೊಬ್ಬರ ಜೊತೆಗೆ ಭೀಮೇಶ್ವರಿಯ ಕಡೆಗೆ ಹೋಗಿದ್ದೆ. ತೆಪ್ಪ ನಡೆಸುತ್ತಿದ್ದವರು ಹತ್ತಿರದ ಊರಿನವರೇ. ಬೇಯಿಸಿದ ರಾಗಿ ಹಿಟ್ಟನ್ನು ನಿಂಬೆಗಾತ್ರದ ಉಂಡೆ ಮಾಡಿ ಗಾಳಕ್ಕೆ ಮೆತ್ತುತ್ತ ಅವರು ಹೇಳಿದ ಮಾತು ನನ್ನ ನೆನಪಿನಲ್ಲಿ ಹಾಗೆಯೇ ಉಳಿದಿದೆ: ‘ಮೊದ್ಲು ಮೀನ್ ಸಾಯಿಸಿ ಬದುಕ್ತಿದ್ದೋ ಸಾ, ಈಗ ಮೀನ್ ಬಿಟ್ಟು ಬದುಕ್ತಿದೀವಿ.’ ‘ಬಿಟ್ಟ ಮೀನು ಯಾರಿಗೆ ಲಾಭ?’ ಎಂದು ನಾನು ಕೇಳಿದೆ. ‘ನಾಳೆ ಇನ್ನೊಬ್ರು ಬತ್ತಾರಲ್ಲ ಸಾ, ಅವ್ರಿಗೂ ಅದೇ ಮೀನು, ನಂಗೂ ಅದೇ ಕೂಲಿ’ ಎಂದರು. ಅರ್ಥಶಾಸ್ತ್ರದ ಪುಸ್ತಕಗಳು ಹಲವು ಪುಟಗಳಲ್ಲಿ ಹೇಳುವ ವಿಚಾರವನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದರು.

ಆ ವ್ಯವಸ್ಥೆ ಹೇಗೆ ರೂಪುಗೊಂಡಿತು ಎಂಬುದನ್ನು ಸಂಕ್ಷಿಪ್ತವಾಗಿ ನೆನೆಯಬೇಕು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆ 1901ರಲ್ಲೇ ಒಂದು ಕಾನೂನು ಇತ್ತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನದಿಯಲ್ಲಿ ಸಿಡಿಮದ್ದು ಹಾಕುವವರದೇ ರಾಜ್ಯವಾಯಿತು. ಕಾವೇರಿಯ ದೊಡ್ಡ ಮೀನು ಮುಗಿದೇಹೋಯಿತೆಂದು ಹೊರಗಿನವರು ಭಾವಿಸಿದ್ದ ಕಾಲದಲ್ಲಿ, 1970ರ ದಶಕದ ಉತ್ತರಾರ್ಧದಲ್ಲಿ, ಮೂವರು ಬ್ರಿಟಿಷ್ ಹವ್ಯಾಸಿಗಳು ಇಲ್ಲಿಗೆ ಬಂದು ಅದು ಇನ್ನೂ ಇದೆ ಎಂದು ತೋರಿಸಿದರು. ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾಗಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ರಾಜ್ಯ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ನಿಯಮ ಸರಳವಾಗಿತ್ತು: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ಬಿಡಬೇಕು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಕಾವಲುಗಾರರೂ ಮಾರ್ಗದರ್ಶಕರೂ ಆದರು.

ಇನ್ನೊಂದು ಕಡೆ ಕಾನೂನು ತನ್ನ ದಾರಿಯಲ್ಲಿ ನಡೆದಿತ್ತು. 1987ರಲ್ಲಿ ಈ ಪ್ರದೇಶ ಕಾವೇರಿ ವನ್ಯಜೀವಿಧಾಮವಾಯಿತು. ಮುಂದೆ ಅದರ ವಿಸ್ತೀರ್ಣ ಸಾವಿರ ಚದರ ಕಿಲೋಮೀಟರನ್ನು ದಾಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ‘ಪ್ರಾಣಿ’ ಎಂಬ ಪದದ ವ್ಯಾಖ್ಯೆಯೊಳಗೆ ಮೀನನ್ನೂ ಸೇರಿಸಿತು. ‘ಬೇಟೆ’ ಎಂಬ ಪದದ ವ್ಯಾಖ್ಯೆಯಲ್ಲಿ ಕೊಲ್ಲುವುದಷ್ಟೇ ಅಲ್ಲ, ಸೆರೆಹಿಡಿಯುವುದು, ಬಲೆಗೆ ಕೆಡಹುವುದು, ಎರೆ ತೋರಿಸಿ ಸೆಳೆಯುವುದೂ ಸೇರಿದೆ. ಎರಡನ್ನೂ ಕೂಡಿಸಿ ಓದಿದರೆ ವನ್ಯಧಾಮದೊಳಗೆ ಗಾಳ ಹಾಕುವುದು ಬೇಟೆಯೇ ಆಗುತ್ತದೆ. ಈ ವ್ಯಾಖ್ಯಾನದಂತೆ 2012ರ ಹೊತ್ತಿಗೆ ಕಾವೇರಿ ವನ್ಯಧಾಮದೊಳಗಿನ ಗಾಳದ ಶಿಬಿರಗಳು ಮುಗಿದವು. ಭೀಮೇಶ್ವರಿ ಈಗ ಸಾಹಸ ಕ್ರೀಡೆಯ ಶಿಬಿರ.

ಕಾನೂನಿನ ಅಕ್ಷರವನ್ನು ನೋಡಿದರೆ ಇದನ್ನು ತಪ್ಪೆನ್ನಲಾಗದು. ವನ್ಯಧಾಮವೆಂದ ಮೇಲೆ ಅದರೊಳಗೆ ವಿನೋದಕ್ಕಾಗಿ ಪ್ರಾಣಿಯನ್ನು ಹಿಡಿಯುವ ಹಕ್ಕು ಯಾರಿಗೂ ಇರಬಾರದು ಎಂಬ ತತ್ವ ಸರಿಯಾದದ್ದೇ. ಜಿಂಕೆಗೆ ಬಲೆ ಹಾಕಿ ಫೋಟೊ ತೆಗೆಸಿಕೊಂಡು ಬಿಡುತ್ತೇನೆ ಎಂದರೆ ನಾವು ಒಪ್ಪುವುದಿಲ್ಲ. ಮೀನಿಗೆ ಮಾತ್ರ ಬೇರೆ ನ್ಯಾಯವೇಕೆ ಎಂದು ಕೇಳುವವರಿಗೆ ಸುಲಭದ ಉತ್ತರವಿಲ್ಲ. ಆನೆಗಳು ನೀರಿಗಿಳಿಯುವ ದಂಡೆಯಲ್ಲಿ ಶಿಬಿರ, ಜೀಪು, ರಾತ್ರಿಯ ಬೆಂಕಿ ಇವೆಲ್ಲ ಬೇಕೇ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಹಾಗೆಯೇ ಸಾಮಾನ್ಯ ಮೀನುಗಾರನ ಬಲೆಯನ್ನು ಕಿತ್ತುಕೊಂಡು ಹಣವುಳ್ಳವನ ಗಾಳಕ್ಕೆ ಚೀಟಿ ಕೊಡುವುದರಲ್ಲಿ ಇರುವ ವರ್ಗಭೇದವನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಯಾವುದೇ ನಿಷೇಧವನ್ನು ಅದರ ಉದ್ದೇಶದಿಂದಷ್ಟೇ ಅಲ್ಲ, ಅದರ ಪರಿಣಾಮದಿಂದಲೂ ಅಳೆಯಬೇಕು. ಗಾಳ ನಿಂತ ಮೇಲೆ ಮೀನಿನ ಗತಿ ಏನಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ನಾವು ತಲುಪುವುದು ವಿಚಿತ್ರವಾದ ಒಂದು ಜಾಗಕ್ಕೆ. ನಿಷೇಧಕ್ಕೆ ಮೊದಲಿನ ಕಾಲದ ಬಗ್ಗೆ ನಮಗೆ ತಿಳಿದಿರುವಷ್ಟು ಅದರ ನಂತರದ ಕಾಲದ ಬಗ್ಗೆ ತಿಳಿದಿಲ್ಲ. ಏಕೆಂದರೆ ತಿಳಿಸುತ್ತಿದ್ದವರೇ ಗಾಳದವರು.

ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಸ್ತಕಗಳನ್ನು ಬ್ರಿಟನ್ನಿನ ಮತ್ತು ನಮ್ಮ ವಿಜ್ಞಾನಿಗಳು ಸೇರಿ ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳಗಾರಿಕೆ, 6 ಸಾವಿರಕ್ಕೂ ಹೆಚ್ಚು ಮಹಸೀರ್, ಅವುಗಳಲ್ಲಿ 45 ಕಿಲೋ ಮೀರಿದವೂ ಇದ್ದವು. ಭಾರತದ ಯಾವುದೇ ನದಿಯ ಒಂದು ಮೀನಿನ ಬಗ್ಗೆ ಇಷ್ಟು ಕಾಲ ಒಂದೇ ಸ್ಥಳದಲ್ಲಿ ಸಂಗ್ರಹವಾದ ಲೆಕ್ಕ ಅಪರೂಪ. ಅದನ್ನು ಸರ್ಕಾರದ ಯಾವ ಇಲಾಖೆಯೂ ಬರೆದಿರಲಿಲ್ಲ.

ಆ ಲೆಕ್ಕ ಎರಡು ಸಂಗತಿಗಳನ್ನು ಹೇಳಿತು. ಒಂದು ಸಂತಸದ್ದು: ಕಾವಲಿದ್ದ ವರ್ಷಗಳಲ್ಲಿ ಮಹಸೀರ್‌ಗಳ ಒಟ್ಟು ಸಂಖ್ಯೆ ಏರುತ್ತ ಹೋಗಿತ್ತು. ಇನ್ನೊಂದು ಆಘಾತದ್ದು: ಏರಿದ್ದು ಕಾವೇರಿಯ ಸ್ವಂತ ಮೀನಲ್ಲ. ಡುಬ್ಬಬೆನ್ನಿನ ಬಿಳಿಮೀನಿನ ಮರಿಗಳು 2004ರ ನಂತರ ಗಾಳಕ್ಕೆ ಸಿಗುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ದೊಡ್ಡವು ಮಾತ್ರ ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದವು. ಊರಿನಲ್ಲಿ ಮುದುಕರು ಮಾತ್ರ ಉಳಿದು ತೊಟ್ಟಿಲ ಸದ್ದು ಅಡಗಿದರೆ ಆ ಊರಿನ ಭವಿಷ್ಯ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದರ ಜಾಗವನ್ನು ತುಂಬಿದ್ದು ನೀಲಿ ರೆಕ್ಕೆಯ ಇನ್ನೊಂದು ಮಹಸೀರ್.

ಈ ನೀಲಿ ರೆಕ್ಕೆಯ ಮೀನು ಎಲ್ಲಿಂದ ಬಂತು? ಕೃಷ್ಣಾ ನದಿಯ ಕೊಳ್ಳದ ಈ ಜಾತಿಯನ್ನು ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ 1970ರ ದಶಕದಿಂದ ಕೃತಕವಾಗಿ ಬೆಳೆಸಿ ದೇಶದ ಹಲವು ನದಿಗಳಿಗೆ ಹಂಚಲಾಯಿತು. ಕಾವೇರಿಗೂ ಬಿಡಲಾಯಿತು. ಬಿಟ್ಟವರ ಉದ್ದೇಶ ಒಳ್ಳೆಯದೇ: ಮಹಸೀರ್ ಕಡಿಮೆಯಾಗುತ್ತಿದೆ, ತುಂಬೋಣ. ಆದರೆ ‘ಮಹಸೀರ್’ ಎಂಬ ಒಂದು ಹೆಸರಿನಡಿ ಹಲವು ಜಾತಿಗಳಿವೆ ಎಂಬ ಎಚ್ಚರ ಆಗ ಇರಲಿಲ್ಲ. ಕಾವೇರಿಯ ಬಿಳಿಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಗದಿಯಾದದ್ದೇ 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಲಾಗಿದ್ದ ‘ಟಾರ್ ರೆಮಾದೇವಿ’ ಎಂಬ ಜಾತಿಯೂ ಇದೂ ಒಂದೇ ಎಂದು ಆ ವರ್ಷ ಸಂಶೋಧಕರು ತೋರಿಸಿದರು. ನೂರಾರು ವರ್ಷ ಪೂಜಿಸಿದ, ಹಿಡಿದ, ತಿಂದ, ಕೊಂಡಾಡಿದ ಮೀನಿಗೆ ಹೆಸರು ಸಿಕ್ಕಿದ ವರ್ಷವೇ ಅದು ಅಳಿವಿನಂಚಿನ ಪಟ್ಟಿಗೂ ಸೇರಿತು. ಮರಿ ಬಿಟ್ಟು ತುಂಬಿಸಿದ ನೀಲಿ ರೆಕ್ಕೆಯ ಮೀನನ್ನಾದರೋ ಅದೇ ಪಟ್ಟಿ ಈಗ ಆತಂಕವಿಲ್ಲದ ಜಾತಿಗಳ ಗುಂಪಿಗೆ ಸೇರಿಸಿದೆ.

ಇಲ್ಲಿ ಗಾಳದವರೂ ಪೂರ್ತಿ ನಿರಪರಾಧಿಗಳಲ್ಲ. ಹೆಚ್ಚು ಮೀನು ಬೇಕೆಂಬ ಅವರ ಆಸೆಯೂ ಮರಿ ಬಿಡುವುದಕ್ಕೆ ಒತ್ತಾಸೆಯಾಗಿತ್ತು. ಅವರ ಕಣ್ಣೆದುರೇ ಬಿಳಿಮೀನು ಕುಸಿಯಿತು. ಕಾವಲು ಅದನ್ನು ತಡೆಯಲಿಲ್ಲ. ಆದ್ದರಿಂದ ‘ಗಾಳ ಇದ್ದಿದ್ದರೆ ಮೀನು ಉಳಿಯುತ್ತಿತ್ತು’ ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ನಾನು ಹೇಳುವುದು ಇಷ್ಟೇ: ರೋಗಿಯ ನಾಡಿ ಹಿಡಿದಿದ್ದ ಒಂದೇ ಒಂದು ಕೈಯನ್ನು ನಾವು ದೂರ ಸರಿಸಿದೆವು, ಅದರ ಜಾಗಕ್ಕೆ ಇನ್ನೊಂದು ಕೈಯನ್ನು ತರಲಿಲ್ಲ. 2012ರ ನಂತರ ಸಿಡಿಮದ್ದಿನವರು ಮರಳಿ ಬಂದರೆ ನೋಡುವ ಕಣ್ಣುಗಳು ಎಷ್ಟಿವೆ? ಅರಣ್ಯ ಇಲಾಖೆಯ ಕಾವಲುಗಾರನಿಗೆ ಆನೆ, ಗಂಧ, ಕಾಡ್ಗಿಚ್ಚುಗಳ ಜೊತೆಗೆ ನೀರಿನ ಅಡಿಯನ್ನೂ ಕಾಯುವ ಕೆಲಸ ಬಿತ್ತು. ಅವನಿಗೆ ತೆಪ್ಪವೂ ಇಲ್ಲ, ಮೀನಿನ ತರಬೇತಿಯೂ ಇಲ್ಲ.

ಇದರ ಬೇರು ಆಡಳಿತದ ವಿಂಗಡಣೆಯಲ್ಲಿದೆ. ನಮ್ಮ ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ. ವನ್ಯಜೀವಿ 1976ರ ತಿದ್ದುಪಡಿಯ ನಂತರ ಸಮವರ್ತಿ ಪಟ್ಟಿಯ ವಿಷಯ. ಮೀನುಗಾರಿಕೆ ಇಲಾಖೆಗೆ ಮೀನೆಂದರೆ ಟನ್ನು. ಎಷ್ಟು ಮರಿ ಬಿಟ್ಟೆವು, ಎಷ್ಟು ಇಳುವರಿ ಬಂತು ಎಂಬುದೇ ಅದರ ಸಾಧನೆಯ ಅಳತೆ. ಅರಣ್ಯ ಇಲಾಖೆಗೆ ವನ್ಯಜೀವಿಯೆಂದರೆ ನೆಲದ ಮೇಲೆ ನಡೆಯುವಂಥದ್ದು. ಈ ಎರಡು ಕಚೇರಿಗಳ ನಡುವೆ ಕಾಡಿನೊಳಗಿನ ನದಿಯ ಮೀನು ಯಾರದೂ ಅಲ್ಲ. ನೀರಾವರಿಯವರಿಗೆ ನೀರು ಟಿಎಂಸಿ, ವಿದ್ಯುತ್ತಿನವರಿಗೆ ಮೆಗಾವಾಟ್. ಹೀಗೆ ಒಂದೇ ನದಿಯನ್ನು ನಾಲ್ಕು ಮಂದಿ ನಾಲ್ಕು ಮಾನದಲ್ಲಿ ಅಳೆಯುವಾಗ, ಅದರೊಳಗೆ ಬದುಕುವ ಜೀವಿ ಯಾವ ಅಳತೆಗೂ ಸಿಗದೆ ಜಾರಿಹೋಗುತ್ತದೆ.

ಬೇರೆ ರಾಜ್ಯಗಳು ಏನು ಮಾಡಿವೆ ಎಂದು ನೋಡುವುದು ಉಪಯುಕ್ತ. ಹಿಮಾಚಲದ ತೀರ್ಥನ್ ಕಣಿವೆಗೆ ಒಮ್ಮೆ ಹೋಗಿದ್ದಾಗ ಅಲ್ಲಿನ ಟ್ರೌಟ್ ಮೀನಿನ ವ್ಯವಸ್ಥೆಯನ್ನು ಕಂಡು ನನಗೆ ಅಸೂಯೆಯಾಗಿತ್ತು. ಗಾಳ ಹಾಕುವವರಿಗೆ ಪರವಾನಗಿ ಕಡ್ಡಾಯ. ನವೆಂಬರಿನಿಂದ ಫೆಬ್ರವರಿಯ ಕೊನೆಯವರೆಗೆ ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ನದಿ ಬಂದ್. ದಿನಕ್ಕೆ ಎಷ್ಟು ಮೀನು, ಯಾವ ಅಳತೆಗಿಂತ ಸಣ್ಣದನ್ನು ಬಿಡಬೇಕು ಎಂಬುದಕ್ಕೆಲ್ಲ ನಿಯಮ. ಮೇಲಿನ ಕಣಿವೆಯ ರಾಷ್ಟ್ರೀಯ ಉದ್ಯಾನದೊಳಗೆ ಒಂದು ಕಾನೂನು, ಕೆಳಗಿನ ಹೊಳೆಯಲ್ಲಿ ಇನ್ನೊಂದು. ಎರಡೂ ಅಕ್ಕಪಕ್ಕ ಬದುಕಿವೆ. ಹೊಳೆಯ ದಂಡೆಯ ಮನೆಗಳಲ್ಲಿ ಅತಿಥಿಗಳಿಗೆ ಕೋಣೆ. ಮೀನು ಉಳಿದರೆ ಕೋಣೆ ತುಂಬುತ್ತದೆ ಎಂಬ ಲೆಕ್ಕ ಅಲ್ಲಿನ ಹೆಂಗಸರಿಗೂ ಗೊತ್ತು. ತೀರ್ಥನ್ ಮೇಲೆ ಬರಲಿದ್ದ ಜಲವಿದ್ಯುತ್ ಯೋಜನೆಗಳನ್ನು ಆ ಕಣಿವೆಯ ಜನ ಹೋರಾಡಿ ತಡೆದದ್ದಕ್ಕೆ ಇರುವ ಕಾರಣಗಳಲ್ಲಿ ಈ ಬದುಕಿನ ಲೆಕ್ಕವೂ ಒಂದು.

ಆದರೆ ಅಲ್ಲೂ ಒಂದು ವಿಪರ್ಯಾಸವಿದೆ. ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟಿಷರು ತಮ್ಮ ವಿನೋದಕ್ಕಾಗಿ 1900ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನಿಂದ ಮೊಟ್ಟೆ ತಂದು ಕಾಶ್ಮೀರದಲ್ಲಿ ಬೆಳೆಸಿದರು; 1909ರ ವೇಳೆಗೆ ಅದು ಕುಲುವಿಗೆ ಬಂತು. ನಮ್ಮ ಮಗ್ಗುಲಿನ ನೀಲಗಿರಿಯಲ್ಲೂ ಅದನ್ನು ನೆಲೆಗೊಳಿಸಲು 19ನೇ ಶತಮಾನದಿಂದಲೇ ಪ್ರಯತ್ನ ನಡೆದಿತ್ತು. ಕಂದು ಟ್ರೌಟ್ ಮತ್ತು ಕಾಮನಬಿಲ್ಲಿನ ಟ್ರೌಟ್ ಎರಡೂ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ. ಹೋದ ಕಡೆಯಲ್ಲೆಲ್ಲ ಸ್ಥಳೀಯ ಮೀನಿನ ಮರಿಗಳನ್ನು ತಿಂದು ಬೆಳೆದವು ಅವು. ಅಂದರೆ ನಾವು ಪರದೇಶದಿಂದ ಬಂದ ಮೀನಿಗೆ ಪರವಾನಗಿ, ಬಿಡುವಿನ ಕಾಲ, ಅಳತೆ, ಕಾವಲು ಎಲ್ಲವನ್ನೂ ಕೊಟ್ಟೆವು. ಸಾವಿರಾರು ವರ್ಷಗಳಿಂದ ಇಲ್ಲಿಯದೇ ಆದ ಮೀನಿಗೆ ಕೊಟ್ಟದ್ದು ಒಂದು ನಿಷೇಧದ ಫಲಕ ಮಾತ್ರ.

ಗಾಳ ನಮ್ಮ ನಾಡಿಗೆ ಬ್ರಿಟಿಷರ ಕೊಡುಗೆ ಎಂದೂ ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಅಧ್ಯಾಯವಿದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಎರೆ, ಗಾಳದ ದಾರ ಹೇಗಿರಬೇಕು ಎಂಬ ವಿವರಗಳು ಅಲ್ಲಿವೆ. ಅದೇ ನಾಡಿನಲ್ಲಿ ಶೃಂಗೇರಿಯ ತುಂಗೆಯಲ್ಲೂ, ಶಿಶಿಲದ ಕಪಿಲೆಯಲ್ಲೂ, ರಾಮನಾಥಪುರದ ಕಾವೇರಿಯಲ್ಲೂ ಮೀನು ಹಿಡಿಯಬಾರದೆಂಬ ಕಟ್ಟುಪಾಡು ಕಾನೂನಿಲ್ಲದೆಯೇ ನಡೆದುಬಂದಿದೆ. ಒಂದು ಕಡೆ ಹಿಡಿಯಬಹುದು, ಇನ್ನೊಂದು ಕಡೆ ಮುಟ್ಟಲೂಬಾರದು. ಇಂಥ ವಿವೇಚನೆಯೇ ನಮ್ಮ ಹಳೆಯ ನಿಯಮಗಳ ಗುಣವಾಗಿತ್ತು. ಇಂದಿನ ಕಾನೂನಿಗೆ ಆ ವಿವೇಚನೆ ಕಷ್ಟ. ಅದಕ್ಕೆ ಪೂರ್ತಿ ಮುಚ್ಚುವುದು ಅಥವಾ ಪೂರ್ತಿ ತೆರೆಯುವುದು ಸುಲಭ.

ಸಿಡಿಮದ್ದಿನಿಂದ, ವಿಷದಿಂದ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರಲ್ಲಿ ಪ್ರತ್ಯೇಕ ಕಾಯ್ದೆಯೂ ಆಯಿತು. ನೂರಿಪ್ಪತ್ತು ವರ್ಷಗಳಿಗೂ ಹಳೆಯ ನಿಷೇಧ ನದಿಯಲ್ಲಿ ಸಿಡಿಮದ್ದಿನ ಸದ್ದನ್ನು ಅಡಗಿಸಲಾರದೆ ಹೋದುದನ್ನು ಕಂಡ ಮೇಲೂ, ಇನ್ನೊಂದು ನಿಷೇಧದಿಂದ ಮೀನು ಉಳಿಯುತ್ತದೆಂದು ನಂಬಲು ನನಗೆ ಕಷ್ಟವಾಗುತ್ತದೆ. ಕಾನೂನನ್ನು ಜಾರಿಗೆ ತರುವುದು ಪುಸ್ತಕವಲ್ಲ. ನದಿಯ ದಂಡೆಯಲ್ಲಿ ಅದರಿಂದ ಹೊಟ್ಟೆ ತುಂಬುವ ಜನ.

ಈ ನಡುವೆ ಕಣಿವೆಯ ಮೇಲೆ ಇನ್ನೂ ದೊಡ್ಡ ಪ್ರಶ್ನೆಯೊಂದು ತೂಗುತ್ತಿದೆ. ಮೇಕೆದಾಟುವಿನಲ್ಲಿ 67 ಟಿಎಂಸಿ ಸಾಮರ್ಥ್ಯದ ಸಮತೋಲನ ಜಲಾಶಯವನ್ನೂ 400 ಮೆಗಾವಾಟ್ ವಿದ್ಯುತ್ ಘಟಕವನ್ನೂ ಕಟ್ಟುವ ಯೋಜನಾ ವರದಿಯನ್ನು ರಾಜ್ಯ 2019ರಲ್ಲಿ ಕೇಂದ್ರ ಜಲ ಆಯೋಗಕ್ಕೆ ಸಲ್ಲಿಸಿತು. ತಮಿಳುನಾಡಿನ ಆಕ್ಷೇಪಣೆ ಅಕಾಲಿಕವೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದ ಮೇಲೆ ಯೋಜನೆಗೆ ಮತ್ತೆ ಚಾಲನೆಯ ಮಾತು ಕೇಳಿಬಂದಿತು. ಬೆಂಗಳೂರಿನ ಬಾಯಾರಿಕೆ ನಿಜವಾದದ್ದು. ಕಾವೇರಿ ಐದನೇ ಹಂತದಿಂದ 2024ರ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರು ಹೆಚ್ಚುವರಿ ನೀರು ಬಂದದ್ದನ್ನು ಸಂಭ್ರಮಿಸಿದವರಲ್ಲಿ ನಾನೂ ಒಬ್ಬ. ಆದರೆ ಸಂಗಮ, ಮುತ್ತತ್ತಿಗಳನ್ನು ಒಳಗೊಂಡು ವನ್ಯಧಾಮದ ಸಾವಿರಾರು ಹೆಕ್ಟೇರ್ ಮುಳುಗಿದರೆ ಬಂಡೆಗಳ ನಡುವೆ ಭೋರ್ಗರೆಯುವ ನದಿ ನಿಂತ ನೀರಾಗುತ್ತದೆ. ಮುಂಗಾರಿನ ಹೊಸ ನೀರಿಗೆ ಎದುರೀಜಿ ಮೇಲಕ್ಕೆ ಹೋಗಿ, ಕಲ್ಲುನುರುಜಿನ ಮೇಲೆ ಮೊಟ್ಟೆಯಿಡುವ ಮೀನು ಅದು. ಶಿವನಸಮುದ್ರದ ವಿದ್ಯುದಾಗಾರ, ಕನ್ನಂಬಾಡಿ, ಮೆಟ್ಟೂರು, ಕಬಿನಿ ಎಂದು ಒಂದೊಂದೇ ಗೋಡೆ ಎದ್ದ ಮೇಲೆ ಅದಕ್ಕೆ ಉಳಿದ ಕೊನೆಯ ಉದ್ದನೆಯ ಓಟ ಈ ಕಣಿವೆ. ಎರಡು ರಾಜ್ಯಗಳ ವಕೀಲರು ಇಷ್ಟು ವರ್ಷ ವಾದಿಸಿದ ಕಡತಗಳಲ್ಲಿ ಕುಡಿಯುವ ನೀರು, ಕುರುವೆ ಬೆಳೆ, ನ್ಯಾಯಮಂಡಳಿ ಎಲ್ಲವೂ ಬಂದಿವೆ. ಬಿಳಿಮೀನಿನ ಪರವಾಗಿ ವಾದಿಸುವವರು ಯಾರೂ ಇಲ್ಲ. ಅದಕ್ಕೆ ಮತವೂ ಇಲ್ಲ, ಭಾಷೆಯೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲ ಕೆಲಸ ಎಣಿಕೆ. ವನ್ಯಧಾಮದೊಳಗೂ ವೈಜ್ಞಾನಿಕ ಸಂಶೋಧನೆಗೆ ಅನುಮತಿ ಕೊಡಲು ವನ್ಯಜೀವಿ ಕಾಯ್ದೆಯ 12ನೇ ಕಲಮಿನಲ್ಲಿ ಅವಕಾಶವಿದೆ. ಅದನ್ನು ಬಳಸಿ, ಹಳೆಯ ಮಾರ್ಗದರ್ಶಕರನ್ನೇ ನೇಮಿಸಿಕೊಂಡು, ವರ್ಷಕ್ಕೊಮ್ಮೆ ನಿಗದಿತ ಮಡುಗಳಲ್ಲಿ ಮೀನು ಹಿಡಿದು, ಜಾತಿ ಗುರುತಿಸಿ, ಅಳೆದು ಬಿಡುವ ಸಮೀಕ್ಷೆ ನಡೆಸಬಹುದು. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಹಣವೂ ಬೇಡ. ಯಾವ ಮಡುವಿನಲ್ಲಿ ಏನಿದೆ ಎಂದು ಬಲ್ಲವರು ಇನ್ನೂ ಬದುಕಿದ್ದಾರೆ. ಹತ್ತು ವರ್ಷ ಕಳೆದರೆ ಆ ಅರಿವೂ ಇರುವುದಿಲ್ಲ.

ಎರಡನೆಯದು, ಕಾವೇರಿಗೆ ಹೊರಗಿನ ಮಹಸೀರ್ ಮರಿಗಳನ್ನು ಬಿಡುವುದನ್ನು ನಿಲ್ಲಿಸಬೇಕು. ಹಾರಂಗಿಯಲ್ಲಿ ನಮ್ಮದೇ ಮೀನುಮರಿ ಕೇಂದ್ರವಿದೆ. ಅದು ಸಾಧನೆಯನ್ನು ಬಿಟ್ಟ ಮರಿಗಳ ಸಂಖ್ಯೆಯಿಂದ ಅಳೆಯುವ ಬದಲು, ಕಾವೇರಿಯದೇ ತಾಯಿಮೀನುಗಳಿಂದ ಬಿಳಿಮೀನನ್ನು ಉಳಿಸುವ ನಿಧಾನದ, ಎಚ್ಚರದ ಕೆಲಸಕ್ಕೆ ತಿರುಗಬೇಕು. ತಮಿಳುನಾಡಿನ ಮೋಯಾರ್ ನದಿಯಲ್ಲೂ ಈ ಜಾತಿ ಉಳಿದಿರುವುದರಿಂದ ನೆರೆರಾಜ್ಯದ ಜೊತೆ ಕೂಡಿ ಮಾಡಲೇಬೇಕಾದ ಕೆಲಸ ಇದು. ಕಾವೇರಿಯ ವಿಷಯದಲ್ಲಿ ಎರಡು ರಾಜ್ಯಗಳು ಜಗಳವಿಲ್ಲದೆ ಮಾಡಬಹುದಾದ ಒಂದು ಕೆಲಸವಾದರೂ ಇರಲಿ.

ಮೂರನೆಯದು ಗಾಳದ ಪ್ರಶ್ನೆ. ವನ್ಯಧಾಮದೊಳಗೆ ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಅದರ ಹೊರಗಿನ ನದಿಭಾಗಗಳಲ್ಲಿ ಪರವಾನಗಿ ಪಡೆದ, ಹಿಡಿದು ಬಿಡುವ ಗಾಳಗಾರಿಕೆಗೆ ಸ್ಪಷ್ಟ ನಿಯಮ ರೂಪಿಸಬೇಕು. ಕೊಡಗಿನ ವಾಲ್ನೂರಿನಲ್ಲಿ ಅಲ್ಲಿನ ವನ್ಯಜೀವಿ ಸಂಘ ಹಲವು ವರ್ಷಗಳ ಕಾಲ ನಡೆಸಿದ ಕಾವಲಿನ ಅನುಭವ ನಮ್ಮೆದುರಿಗಿದೆ. ಮುಂಗಾರಿನ ತಿಂಗಳುಗಳಲ್ಲಿ ಸಂಪೂರ್ಣ ಬಿಡುವು. ಮುಳ್ಳಿಲ್ಲದ ಒಂಟಿ ಗಾಳ. ಹಿಡಿದ ಪ್ರತಿ ಮೀನಿನ ವಿವರ ಬರೆಯುವ ಪುಸ್ತಕ. ಶುಲ್ಕದಲ್ಲಿ ದಂಡೆಯ ಗ್ರಾಮ ಪಂಚಾಯಿತಿಗೆ ಪಾಲು. ಮಾರ್ಗದರ್ಶಕ ಕಡ್ಡಾಯವಾಗಿ ಊರಿನವನೇ. ಸರಿಯಾಗಿ ನಡೆಸಿಕೊಂಡರೆ ಹೀಗೆ ಬಿಟ್ಟ ಮೀನು ಸಾಯುವುದು ಬಹಳ ಕಡಿಮೆ ಎಂದು ಕಾವೇರಿಯ ನೀಲಿ ರೆಕ್ಕೆಯ ಮಹಸೀರ್ ಮೇಲೆಯೇ ನಡೆದ ಅಧ್ಯಯನ ಹೇಳಿದೆ. ಹಾಗೆಂದು ತೀವ್ರ ಅಪಾಯದಲ್ಲಿರುವ ಬಿಳಿಮೀನಿಗೂ ಇದೇ ಮಾತು ಅನ್ವಯಿಸುತ್ತದೆಂದು ಊಹಿಸಿಕೊಳ್ಳಬಾರದು. ಅದು ಸಿಕ್ಕರೆ ನೀರಿನಿಂದ ಎತ್ತದೆಯೇ ಬಿಡುವ ನಿಯಮ ಬೇಕು.

ಕೊನೆಯದು ನಮ್ಮ ಮನೆಯ ಬಚ್ಚಲಿಗೆ ಸಂಬಂಧಿಸಿದ್ದು. ಗಾಳ ಹಿಡಿದು ಬಂದವನನ್ನು ವನ್ಯಧಾಮದ ಬಾಗಿಲಲ್ಲಿ ತಡೆಯಬಹುದು. ಅರ್ಕಾವತಿಯ ಜೊತೆ ಬರುವ ನಗರದ ಕೊಳೆಯನ್ನು ತಡೆಯಲು ಅಲ್ಲಿ ಬಾಗಿಲೇ ಇಲ್ಲ. ವನ್ಯಧಾಮದಿಂದ ಯಾವ ವನ್ಯಜೀವಿಯನ್ನೂ ನಾಶ ಮಾಡಬಾರದು, ಅದರ ನೆಲೆಯನ್ನು ಕೆಡಿಸಬಾರದು, ಅದರೊಳಕ್ಕೆ ಬರುವ ನೀರಿನ ಹರಿವನ್ನು ತಿರುಗಿಸಬಾರದು ಎಂದು ಅದೇ ಕಾಯ್ದೆಯ 29ನೇ ಕಲಮು ಹೇಳುತ್ತದೆ. ಅದನ್ನು ಗಾಳದವನಿಗೆ ಓದಿ ಹೇಳಿದಷ್ಟೇ ಗಟ್ಟಿಯಾಗಿ ನಗರಕ್ಕೂ ಓದಿ ಹೇಳುವವರು ಬೇಕು. ಐದನೇ ಹಂತದ ಹೆಚ್ಚುವರಿ ನೀರು ಬಂದ ಮೇಲೆ ಹೆಚ್ಚುವರಿ ಕೊಳೆಯೂ ಬಂದೇ ಬರುತ್ತದೆ. ಅದನ್ನು ಶುದ್ಧೀಕರಿಸುವ ಕೆಲಸ ನೀರು ತರುವ ಕೆಲಸದಷ್ಟೇ ಸಂಭ್ರಮದಿಂದ ನಡೆಯಬೇಕು.

1996ರಲ್ಲಿ ಶಿಶಿಲದ ಹೊಳೆಗೆ ಯಾರೋ ದುಷ್ಟರು ವಿಷ ಹಾಕಿದರು. ದೇವರ ಮೀನುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತು ತೇಲಿದವು. ಊರಿನವರು ಅವುಗಳಿಗಾಗಿ ದಂಡೆಯಲ್ಲಿ ಒಂದು ಸ್ಮಾರಕವನ್ನೇ ಕಟ್ಟಿಸಿದರು. ಸತ್ತ ಮೀನಿಗೆ ಸ್ಮಾರಕ ಕಟ್ಟುವಷ್ಟು ಅಂತಃಕರಣವಿರುವ ನಾಡು ನಮ್ಮದು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಶಿಶಿಲದಲ್ಲಿ ಸತ್ತ ಮೀನುಗಳು ನೀರಿನ ಮೇಲೆ ಕಾಣಿಸಿಕೊಂಡವು, ಜನ ಅತ್ತರು. ಕಾವೇರಿಯ ಬಿಳಿಮೀನು ಹಾಗೆ ತೇಲಿ ಕಾಣಿಸುವುದಿಲ್ಲ. ಅದು ಒಂದು ವರ್ಷ ಕಡಿಮೆಯಾಗುತ್ತದೆ, ಇನ್ನೊಂದು ವರ್ಷ ಇನ್ನೂ ಕಡಿಮೆಯಾಗುತ್ತದೆ, ಒಂದು ದಿನ ಇರುವುದಿಲ್ಲ. ಬರೆದಿಡುವವರಿಲ್ಲದಿದ್ದರೆ ಆ ದಿನ ಯಾವುದೆಂದೂ ನಮಗೆ ತಿಳಿಯುವುದಿಲ್ಲ. ಅದಕ್ಕೆ ಈಗ ಬೇಕಾಗಿರುವುದು ಸ್ಮಾರಕದ ಕಲ್ಲಲ್ಲ, ಗಾಳಿಬೋರೆಯಲ್ಲಿ 2012ರಲ್ಲಿ ಮುಚ್ಚಿಟ್ಟ ಆ ಲೆಕ್ಕದ ಪುಸ್ತಕದ ಮುಂದಿನ ಪುಟ.